ಪ್ರಿನ್ಸಿಪಾಲರು ಸಂಪು ಹೂಡಿದ್ದು

ನಾನು ಕಾಯ್ದೆ ಕಲಿಸಿದ ಕಡೆ ಏನಾದರೊಂದು ಆಗದೆ ಇರುವುದಿಲ್ಲ. ಮಾಲಕ-ಮಜೂರರ ತಂಟೆಗೆಂದು ಮುಂಬೈ ಸರಕಾರ ಹೊಸ ಕಾಯ್ದೆ ತಂದ ಕಾಲ ಅದು. ನೋಟೀಸು ಕೊಡದೆ ಮಾಲಕ ಗಿರಣಿ ಬಂದ್ ಮಾಡುವಂತಿಲ್ಲ. ಧಾರವಾಡದ ಕಾಲೇಜಿನಲ್ಲಿ ಅದನ್ನು ಕಲಿಸಲು, ಕೆಲಗೇರಿ ಕೆರೆಯಿಂದ ಹುಬ್ಬಳ್ಳಿ ಟೇಶನ್ನಿನವರೆಗೆ ನನ್ನಂಥವನು ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳಲಿಲ್ಲ. ಪುಸ್ತಕ ಮುಚ್ಚಿಸಿ, ಹುಡುಗರನ್ನೇ ಮಾಲಕ, ಮಜೂರ ಮಾಡಿ ಜಗಳ ಹಚ್ಚುತ್ತಿದ್ದೆ. "ಇದೇನು ಕಾಲೇಜೋ, ನಾಟಕ ಕಂಪನಿಯೋ?" ಎಂದು ಪ್ರಿನ್ಸಿಪಾಲರಿಗೆ ಸಿಟ್ಟು.

ಕೂಡ್ರಿ, ಕೂಡ್ರಿ

ಮೊದಲ ಪಾಠ ಸಂಧಾನ. ಅರಳೆ ವ್ಯಾಪಾರಿಯ ಮಗ ಗಿರಣಿ ಮಾಲಕ. ಹೆಬ್ಬಳ್ಳಿಯ ಹುಡುಗ ಮಜೂರರ ಮುಖಂಡ. "ಹೂಂ, ಜಗಳಾ ಸುರು ಮಾಡ್ರಿ" ಎಂದೆ.

"ಬರ್ರಿ, ಕೂಡ್ರಿ," ಎಂದ ಮಾಲಕ.

"ನೀವು ಕೂಡ್ರಿ ಮೊದಲ."

"ಛೇ, ಬಂದವರು ನೀವು."

"ದೊಡ್ಡವರು ನಿಂತಾಗ ನಾವು ಹೆಂಗ ಕೂಡೂದ್ರಿ?"

ತಾಸು ಮುಗಿದು ಗಂಟೆ ಹೊಡೆಯಿತು. ಇಬ್ಬರೂ ನಿಂತೇ ಇದ್ದರು. "ಪಗಾರದ ಮಾತು ಏನಾತು?" ಎಂದೆ.

"ನಿಂತು ಮಾತಾಡೂ ವಿಷಯ ಅಲ್ರಿ ಮಾಸ್ತರ ಅದು," ಎಂದ ಮುಖಂಡ.

ಗೇಟಿನ ಮುಂದ

ಎರಡನೆಯ ಪಾಠ ಪಿಕೆಟಿಂಗ್. ಕೆಲಸಕ್ಕೆ ಹೋಗುವವರನ್ನು ತಡೆಯಬೇಕು, ಆದರೆ ಮುಟ್ಟಬಾರದು, ಬೈಯಬಾರದು. ಹುಡುಗರನ್ನು ಕಾಲೇಜಿನ ಗೇಟಿಗೆ ನಿಲ್ಲಿಸಿದೆ. ಮೊದಲು ಬಂದದ್ದು ಪ್ರಿನ್ಸಿಪಾಲರ ಟಾಂಗಾ.

ಹುಡುಗರು ಕೈಮುಗಿದರು. "ಸಾಹೇಬ್ರ, ಇವತ್ತೊಂದಿನ ಕೆಲಸಕ್ಕ ಹೋಗಬ್ಯಾಡ್ರಿ. ಭಾಳ ದಣದೀರಿ. ಮನಿಗೆ ಹೋಗಿ ಮಲಕೋರಿ."

ಇಡೀ ನೌಕರಿಯಲ್ಲಿ ಅವರೊಡನೆ ಯಾರೂ ಇಷ್ಟು ಅಂತಃಕರಣದಿಂದ ಮಾತಾಡಿರಲಿಲ್ಲ. ಟಾಂಗಾ ಮನೆಯ ಕಡೆ ಹೊರಳಿಸಿದರು. ನಿದ್ದೆಯಿಂದ ಎದ್ದ ಮೇಲೆ ಸಿಟ್ಟು ಬಂತು.

ಮರುದಿನ ನನ್ನನ್ನು ಕರೆಸಿದರು. "ಇವತ್ತ ಕಡೀ ಪಾಠ. ನಾಳಿಂದ ನಿಮ್ಮ ಕ್ಲಾಸ್ ಬಂದ್. ನಾ ಹೇಳಿದ್ದ ಕಾಯ್ದೆ."

ನಾನೇನು ಅಂಜುವ ಗಿರಾಕಿಯೇ? "ಹಂಗಾರ ಕಡೀ ಪಾಠಕ್ಕ ನೀವೂ ಬರ್ರಿ," ಎಂದೆ. "ಒಬ್ಬ ಮಜೂರ ಕಡಿಮಿ ಬಿದ್ದಾನ."

ಕಡೀ ಪಾಠ

ಬಂದರು. ಮಜೂರರ ಬೆಂಚಿನ ಮೇಲೆ ಕೂಡ್ರಿಸಿದೆವು. ಅರಳೆ ವ್ಯಾಪಾರಿಯ ಮಗ, ನಾನು ಹೇಳಿಕೊಟ್ಟಂತೆ, ಮಾಲಕನ ಕುರ್ಚಿಯಿಂದ ಎದ್ದ. "ನಾಳಿಂದ ಗಿರಣಿ ಬಂದ್. ನಾ ಹೇಳಿದ್ದ ಕಾಯ್ದೆ."

ಪ್ರಿನ್ಸಿಪಾಲರ ಮೀಸೆ ಕುಣಿಯಿತು. "ಯಾಕ ಬಂದ್?"

"ನನ್ನ ಮರ್ಜಿ."

"ಮರ್ಜಿ ಅಂದ್ರ? ನೋಟೀಸ್ ಎಲ್ಲೈತಿ? ನಮ್ಮನ್ನ ಕರದು ಒಂದ ಮಾತ ಕೇಳೀರೇನು?"

"ನಿಮ್ಮನ್ನೇನ ಕೇಳೂದೈತಿ? ಹೊರಗ ನಡೀರಿ."

"ನಡೀರೋ ಎಲ್ಲಾರೂ. ಇವತ್ತಿಂದ ಸಂಪು," ಎಂದು ಪ್ರಿನ್ಸಿಪಾಲರು ಇಡೀ ಕ್ಲಾಸನ್ನು ವರಾಂಡಾಕ್ಕೆ ಎಳೆದೊಯ್ದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಈ ಸಲ ಯಾರೂ 'ನೀವು ಮೊದಲ ಕೂಡ್ರಿ' ಅನ್ನಲಿಲ್ಲ.

ನಾನು ಹಿಂದೆಯೇ ಹೋದೆ. "ಸಾಹೇಬ್ರ, ನೋಟೀಸ್ ಇಲ್ದ ಬಂದ್ ಮಾಡೂದು ತಪ್ಪಂದ್ರಿ. ಹಂಗಾರ ನನ್ನ ಕ್ಲಾಸಿನ ಗತಿ?"

ಅವರು ತಲೆ ಎತ್ತಲಿಲ್ಲ. "ನಾ ಈಗ ಮಜೂರ ಇದ್ದೇನಿ. ಅದನ್ನ ಹೋಗಿ ಪ್ರಿನ್ಸಿಪಾಲರನ್ನ ಕೇಳ್ರಿ."

ಹೋಗಿ ನೋಡಿದೆ. ಪ್ರಿನ್ಸಿಪಾಲರ ಖೋಲಿಯಲ್ಲಿ ಕುರ್ಚಿ ಖಾಲಿ. ನನ್ನ ಕ್ಲಾಸು ಬಂದ್ ಮಾಡಬಲ್ಲ ಒಬ್ಬನೇ ಮನುಷ್ಯ ಸಂಪಿನಲ್ಲಿದ್ದ. ಸಂಪು ಮುಗಿಯಿತೆಂದು ನನಗೆ ಯಾರೂ ತಿಳಿಸಲಿಲ್ಲವಾದ್ದರಿಂದ, ಪೆನ್ಶನ್ ಬರುವವರೆಗೂ ಪಾಠ ಮಾಡಿದೆ.