ಇನ್ನೂರು ಕುರ್ಚಿಯ ಬಡವ

ಬಡತನದ ವಿಷಯದಲ್ಲಿ ನನಗೆ ಯಾವತ್ತೂ ಆತ್ಮವಿಶ್ವಾಸದ ಕೊರತೆ ಇರಲಿಲ್ಲ. ಬೇರೆ ಏನನ್ನಾದರೂ ಸಾಬೀತು ಮಾಡು ಎಂದರೆ ತಡವರಿಸುತ್ತಿದ್ದೆನೇನೋ. ಬಡವ ಎಂದು ಸಾಬೀತು ಮಾಡು ಎಂದರೆ ನಿದ್ದೆಗಣ್ಣಲ್ಲೂ ಮಾಡುತ್ತಿದ್ದೆ! ಶಿಕಾರಿಪುರದ ಒಂದು ಶಾಮಿಯಾನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದೇನೆ. ಊರವರ ಮದುವೆಗೆಲ್ಲ ಕುರ್ಚಿ ಹಾಕುವವನು ನಾನು. ಎಲ್ಲರೂ ಉಂಡು ಎಲೆ ಅಡಿಕೆ ಹಾಕಿಕೊಂಡು ಹೋದ ಮೇಲೆ ಅದೇ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗಾಡಿಗೆ ಏರಿಸುವವನೂ ನಾನೇ. ಇದಕ್ಕಿಂತ ಹೆಚ್ಚಿನ ಅರ್ಹತೆ ಏನು ಬೇಕು?

ಆದ್ದರಿಂದ ಸರ್ಕಾರಿ ಆಸ್ಪತ್ರೆಯ ಡಾಕ್ಟರು ನನ್ನ ಹೆಂಡತಿ ಗಿರಿಜಾಳ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ, "ಪಿತ್ತಕೋಶದಲ್ಲಿ ಕಲ್ಲಾಗಿದಾವೆ. ಆಪರೇಷನ್ ಮಾಡಿಸ್ಬೇಕು, ಜಾಸ್ತಿ ದಿನ ಬಿಡ್ಬೇಡಿ. ಶಿವಮೊಗ್ಗಕ್ಕೆ ಬರ್ಕೊಡ್ತೀನಿ. ಬಿಪಿಎಲ್ ರೇಷನ್ ಕಾರ್ಡ್ ಇದ್ರೆ ಸರ್ಕಾರದ ಆರೋಗ್ಯ ಕಾರ್ಡ್ ಮಾಡಿಸ್ಕೊಳ್ಳಿ, ಖರ್ಚೆಲ್ಲ ಅದರಲ್ಲೇ ಆಗುತ್ತೆ. ಬಡವರಿಗೆ ಅಂತಾನೇ ಇರೋದು" ಎಂದಾಗ ನಾನು ಜೋರಾಗಿ ನಕ್ಕುಬಿಟ್ಟೆ.

"ಸಾರ್, ಅದು ನಮಗೆ ಅಂತಾನೇ ಮಾಡಿದ್ದು ಬಿಡ್ರಿ!"

"ಎಂತ ನಗಾಡ್ತೀರಿ, ಡಾಕ್ಟ್ರ ಎದುರಿಗೆ?" ಎಂದು ಗಿರಿಜಾ ತಿವಿದಳು. ಅವಳ ತವರು ಸೊರಬದ ಕಡೆ ಹೊಸಬಾಳೆ. ನೋವು ಬಂದರೆ ಬಾಯಿಬಿಡುವ ಜಾತಿಯಲ್ಲ. ಸೆರಗಿನ ತುದಿ ಕಚ್ಚಿ ಒಲೆಯ ಮುಂದೆ ನಿಂತೇ ಇರುತ್ತಾಳೆ. ಒಂದು ದಿನ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಹಾಗೇ ಕುಸಿದು ಕೂತಳು. ಆವತ್ತು ನನ್ನ ಎದೆ ಹೊಡೆದುಕೊಂಡ ರೀತಿ ನನಗೊಬ್ಬನಿಗೇ ಗೊತ್ತು. ಅದಕ್ಕೇ ಡಾಕ್ಟರ ಬಾಯಲ್ಲಿ ಕಾರ್ಡಿನ ಮಾತು ಬಂದ ಕೂಡಲೇ ಅಷ್ಟು ನಕ್ಕಿದ್ದು.

ಮರುದಿನ ಸೇವಾ ಕೇಂದ್ರಕ್ಕೆ ಹೋದೆ. ಕಂಪ್ಯೂಟರ್ ಮುಂದಿದ್ದ ಹುಡುಗಿ ರೇಷನ್ ಕಾರ್ಡಿನ ನಂಬರು ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಿಮ್ದು ಎಪಿಎಲ್ ಆಗಿದೆ ಅಂಕಲ್."

"ಅಂದ್ರೆ?"

"ಬಡತನದ ರೇಖೆಗಿಂತ ಮೇಲೆ ಹೋಗಿದೀರಿ."

ಯಾವಾಗ ಹೋದೆ? ಹೋಗುವಾಗ ನನಗೊಂದು ಮಾತು ಹೇಳಬಾರದಿತ್ತೇ?

"ಈ ಕಾರ್ಡಲ್ಲಿ ಖರ್ಚಿನ ಒಂದು ಪಾಲು ಮಾತ್ರ ಸಿಗುತ್ತೆ, ಉಳಿದಿದ್ದು ನೀವೇ ಹಾಕ್ಕೋಬೇಕು" ಎಂದ ಹುಡುಗಿ ಪರದೆಯನ್ನು ಇನ್ನಷ್ಟು ಬಗ್ಗಿ ನೋಡಿದಳು. "ನೀವು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದೀರಾ? ಹಾಕಿದವರ ಕಾರ್ಡೆಲ್ಲ ಎಪಿಎಲ್ ಮಾಡಿದಾರೆ."

ಹಾಕಿದ್ದೆ! ನನ್ನ ಜೀವನದ ಅತ್ಯಂತ ಹೆಮ್ಮೆಯ ದಿನ ಅದು. ಎರಡು ವರ್ಷದ ಹಿಂದೆ ನಮ್ಮ ಮಾಲೀಕರಾದ ಶೇಖರಪ್ಪನವರ ಬ್ಯಾಗು ಹಿಡಿದುಕೊಂಡು ಆಡಿಟರ ಆಫೀಸಿಗೆ ಹೋಗಿದ್ದೆ. ಅಲ್ಲಿ ಕೂತವರೆಲ್ಲ ದೊಡ್ಡ ದೊಡ್ಡ ಕುಳಗಳು. ಎಲ್ಲರೂ "ನಂದು ಆಯ್ತಾ, ನಂದು ಆಯ್ತಾ" ಎಂದು ಕೇಳುತ್ತಿದ್ದರು. ನನಗೊಬ್ಬನಿಗೆ ಕೇಳಲು ಏನೂ ಇರಲಿಲ್ಲ. ನಾಚಿಕೆಯಾಯಿತು. ಹೋಟೆಲಿನಲ್ಲಿ ಕಾಫಿ ಹೇಳುವ ಹಾಗೆ, "ನಂದೂ ಒಂದು ಹಾಕ್ಬಿಡ್ರಿ ಸಾರ್" ಎಂದೆ. "ನಿನಗ್ಯಾಕಪ್ಪಾ?" ಎಂದರು ಆಡಿಟರು. "ಇರ್ಲಿ, ಹಾಕ್ರಿ" ಎಂದೆ. ಬಂದ ಕಾಗದಕ್ಕೆ ಗಾಜಿನ ಫ್ರೇಮ್ ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲೇ ಮೊಳೆ ಹೊಡೆದು ತೂಗು ಹಾಕಿದ್ದೆ. ಗಿರಿಜಾ ದಿನಾ ದೇವರಿಗೆ ಹೂವಿಡುವಾಗ ಅದಕ್ಕೂ ಒಂದು ಇಡುತ್ತಿದ್ದಳು.

ಮನೆಗೆ ಬಂದು ವಿಷಯ ಹೇಳಿದೆ. ಅವಳು ಫ್ರೇಮ್ ನೋಡಿದಳು, ನನ್ನನ್ನು ನೋಡಿದಳು.

"ಎಂತಕ್ಕೆ ಬೇಕಿತ್ತು ಇದು ನಿಮಗೆ?"

"ಮರ್ಯಾದೆಗೆ."

"ಬಂತಾ ಮರ್ಯಾದೆ?"

ನಾನು ಫ್ರೇಮಿನ ಧೂಳು ಒರೆಸಿದೆ.

ತಾಲ್ಲೂಕು ಕಚೇರಿಗೆ ಹೋಗಿ ಕಾರ್ಡನ್ನು ಮತ್ತೆ ಬಿಪಿಎಲ್ ಮಾಡಿಸಲು ಅರ್ಜಿ ಕೊಡಬೇಕಿತ್ತು. ಸರ್ಕಾರಿ ಕಚೇರಿ ಅಂದಮೇಲೆ ನೀಟಾಗಿ ಹೋಗಬೇಕಲ್ಲ. ಮದುವೆ ಮನೆಗಳಲ್ಲಿ ಓಡಾಡಲು ಇಟ್ಟಿದ್ದ ಗಂಜಿ ಹಾಕಿದ ಬಿಳಿ ಅಂಗಿ, ಬಿಳಿ ಪಂಚೆ, ಕೈಗೆ ಚಿನ್ನದಂತೆ ಹೊಳೆಯುವ ವಾಚು. ನಾನು ಒಳಗೆ ಕಾಲಿಟ್ಟ ಕೂಡಲೇ ಗುಮಾಸ್ತರು ಎದ್ದು ನಿಂತು, "ಬನ್ನಿ ಸಾರ್, ಕೂತ್ಕೊಳ್ಳಿ" ಎಂದರು. ಕೂತೆ. ಫ್ಯಾನ್ ನನ್ನ ಕಡೆ ತಿರುಗಿತು. ಎಷ್ಟು ಒಳ್ಳೆಯ ಜನ ಎಂದುಕೊಳ್ಳುತ್ತಾ, ಗಿರಿಜಾಳ ಆಪರೇಷನ್ ವಿಷಯ ಬರೆಸಿದ್ದ ಅರ್ಜಿ ಕೊಟ್ಟೆ. ಅವರು ಅರ್ಜಿ ಓದಿದರು, ನನ್ನ ಪಂಚೆ ಓದಿದರು, ವಾಚು ಓದಿದರು. ಫ್ಯಾನ್ ವಾಪಸ್ ಹೋಯಿತು!

"ಆದಾಯ ಪ್ರಮಾಣ ಪತ್ರ ತನ್ನಿ. ಆಮೇಲೆ ಸ್ಥಳ ತನಿಖೆ ಆಗುತ್ತೆ. ಮನೆಗೆ ಬಂದು ನೋಡಿ, ಅಕ್ಕಪಕ್ಕದವರನ್ನ ಕೇಳಿ, ಮಹಜರು ಬರೀತಾರೆ."

ಮನೆಗೆ ಬಂದು ನೋಡುತ್ತಾರೆ ಎಂದಾಗ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಗಿರಿಜಾಳ ಹೊಟ್ಟೆಯಲ್ಲಿದ್ದದ್ದು ಸಾಲದೆಂಬಂತೆ.

ಯಾಕೆಂದರೆ ಆಗ ನಮ್ಮ ಮನೆಯಲ್ಲಿ ಇನ್ನೂರು ಕುರ್ಚಿಗಳಿದ್ದವು. ಆರು ಹಂಡೆ, ನಾಲ್ಕು ಕೊಪ್ಪರಿಗೆ, ಸುರುಳಿ ಸುತ್ತಿದ ಕೆಂಪು ಕಾರ್ಪೆಟ್ಟು, ಡಜನ್ನುಗಟ್ಟಲೆ ತಟ್ಟೆ ಲೋಟ. ಇವೆಲ್ಲದರ ಮೇಲೆ, ವಧೂವರರು ಆರತಕ್ಷತೆಗೆ ಕೂರುವ ಸಿಂಹಾಸನಗಳು ಎರಡು! ಸಿಂಹದ ತಲೆ ಕೆತ್ತಿದ ಕೈಗಳು, ಕೆಂಪು ಮಖಮಲ್ಲಿನ ಮೆತ್ತೆ, ಚಿನ್ನದ ಬಣ್ಣ. ಮಾಲೀಕರ ಗೋದಾಮಿನ ಶೀಟು ಬದಲಾಯಿಸುತ್ತಿದ್ದರು. "ಸಾಮಾನು ಎಲ್ಲಿಡೋದೋ?" ಎಂದು ಅವರು ತಲೆ ಕೆರೆದುಕೊಂಡಾಗ, "ನಮ್ಮನೇಲಿಡ್ರಿ, ಅದಕ್ಕೇನು!" ಎಂದ ಮಹಾನುಭಾವ ನಾನೇ. ಇರುವ ಎರಡು ಕೋಣೆಯಲ್ಲಿ ನಾವು ಸಾಮಾನಿನ ಸಂದಿಯಲ್ಲಿ ಮಲಗುತ್ತಿದ್ದೆವು. ಒಂದೇ ಒಂದು ಉಪಕಾರವಾಗಿತ್ತು. ಗಿರಿಜಾಗೆ ನೋವು ಬಂದಾಗ ಸಿಂಹಾಸನಕ್ಕೆ ಒರಗಿ ಕೂತರೆ ಸ್ವಲ್ಪ ಹಾಯೆನಿಸುತ್ತಿತ್ತು. ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು ಎಲ್ಲ ಅಲ್ಲೇ.

ಆದಾಯ ಪ್ರಮಾಣ ಪತ್ರ ಕೊಟ್ಟು ಬಂದ ಮೇಲೆ, ಗುರುವಾರ ಮಧ್ಯಾಹ್ನ ಒಬ್ಬ ಮೇಡಂ ತನಿಖೆಗೆ ಬರುತ್ತಾರೆ ಎಂದು ಫೋನು ಬಂತು. ಪಕ್ಕದ ಮನೆಯ ಬಸಣ್ಣನ ಹತ್ತಿರ ಹೋದೆ. ಮೆಕ್ಕೆಜೋಳ ಬೆಳೆಯುವ ರೈತ, ನನಗಿಂತ ದೊಡ್ಡವನು, ಕೇಳಿದ್ದಕ್ಕೆ ಇಲ್ಲ ಅಂದವನೇ ಅಲ್ಲ.

"ಬಸಣ್ಣ, ಬೆಳಿಗ್ಗೆ ಎಲ್ಲಾ ಸಾಮಾನು ನಿನ್ನ ಕಣಕ್ಕೆ ಹಾಕಾಣ. ಮತ್ತೆ, ಮೇಡಂ ಕೇಳಿದ್ರೆ ನಾನು ಬಡವ ಅಂತ ಹೇಳ್ಬೇಕು."

"ಅಷ್ಟೇ ಹೌದಲ್ಲೋ? ಮಾಡಾಣ ತಗಾ!"

ಗುರುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಬೀದಿಯವರೆಲ್ಲ ಸೇರಿದರು. ಒಬ್ಬೊಬ್ಬರ ತಲೆಯ ಮೇಲೆ ಐದೈದು ಕುರ್ಚಿ. ಬಸಣ್ಣ ಒಂದು ಕೊಪ್ಪರಿಗೆಯನ್ನು ತಲೆಗೆ ಕವುಚಿಕೊಂಡು ಮುಂದೆ ಮುಂದೆ ಹೋಗುತ್ತಿದ್ದ. ಹತ್ತು ಗಂಟೆಗೆ ನಮ್ಮ ಬೀದಿಯ ತಿರುವಿನಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಹೆಗಲಿಗೆ ಬ್ಯಾಗು ಹಾಕಿಕೊಂಡ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು ಇಳಿದು ಈ ಮೆರವಣಿಗೆಯನ್ನು ನೋಡುತ್ತಾ ನಿಂತಳು.

"ಏನ್ರಿ, ಮದುವೆನಾ?"

ಕೊಪ್ಪರಿಗೆಯ ಒಳಗಿಂದ ಬಸಣ್ಣನ ದನಿ ಗಂಭೀರವಾಗಿ ಕೇಳಿಸಿತು. "ಇಲ್ಲ ತಾಯಿ. ಯಾರೋ ಮೇಡಂ ತನಿಖೆಗೆ ಬರ್ತಾರಂತ. ಅವರಿಗೆ ಕಾಣಬಾರ್ದು ಅಂತ ಸಾಗಿಸ್ತಾ ಇದೀವಿ."

"ಆ ಮೇಡಂ ನಾನೇ. ಮಧ್ಯಾಹ್ನ ಮೀಟಿಂಗ್ ಇತ್ತು, ಬೇಗ ಬಂದೆ."

ಕೊಪ್ಪರಿಗೆ ಕೆಳಗೆ ಬಿತ್ತು. ಅದರ ಸದ್ದು ಮೂರು ಬೀದಿಗೆ ಕೇಳಿಸಿತು!

ನಾನು ಬೆವರುತ್ತಾ ಅವರನ್ನು ಒಳಗೆ ಕರೆದೆ. ಒಳಗೆ ನೋಡಿದರೆ ಗಿರಿಜಾ ಸಿಂಹಾಸನದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಳೆ. ಏಳಲು ಹೋದಳು, ನೋವಿಗೆ ಮುಖ ಕಿವುಚಿ ಮತ್ತೆ ಕೂತಳು. ಮೇಡಂ, "ಕೂತಿರಿ, ಕೂತಿರಿ" ಎಂದು ಸುತ್ತಲೂ ಕಣ್ಣಾಡಿಸಿದರು. ಇನ್ನೊಂದು ಸಿಂಹಾಸನ ಖಾಲಿ ಇತ್ತು. ಅದರಲ್ಲಿ ಕೂರಲು ಅವರಿಗೆ ಮನಸ್ಸಾಗಲಿಲ್ಲವೆಂದು ಕಾಣುತ್ತದೆ, ನಿಂತೇ ಇದ್ದರು.

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ಮನೆಗೆ ಬಂದವರನ್ನು ಹಾಗೇ ಮಾತಾಡಿಸಿ ಕಳಿಸುವುದುಂಟೇ? ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನೇ ಓಡಿತು. ಒಳ್ಳೆ ಕುರ್ಚಿ ಒಂದನ್ನು ಒರೆಸಿ ಹಾಕಿದೆ, ಬಿಳಿ ಗವಸು ತೊಡಿಸಿದೆ. ಮಿರಿಮಿರಿ ಮಿಂಚುವ ತಟ್ಟೆಯಲ್ಲಿ ಮಂಡಕ್ಕಿ, ಬಾಳೆಹಣ್ಣು, ಹೊಳೆಯುವ ಲೋಟದಲ್ಲಿ ಚಹಾ. ಬಡತನದ ತನಿಖೆಗೆ ಇಷ್ಟು ಭರ್ಜರಿ ಸ್ವಾಗತ ಈ ತಾಲ್ಲೂಕಿನಲ್ಲಿ ಯಾರೂ ಕೊಟ್ಟಿರಲಾರರು.

ಮೇಡಂ ಬಸಣ್ಣನನ್ನು ಕರೆದರು. "ಇವರ ಪರಿಸ್ಥಿತಿ ಹೇಗೆ? ನೀವು ಕಂಡ ಹಾಗೆ ಹೇಳಿ."

ಬಸಣ್ಣ ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಕೈಮುಗಿದೆ. ಅವನು ಗಂಟಲು ಸರಿ ಮಾಡಿಕೊಂಡ.

"ಮೇಡಂ, ಇವರ ಮನಿ ಅಂದ್ರೆ ತುಂಬಿದ ಮನಿ! ಬಂದವರಿಗೆ ಉಣ್ಣಿಸದೆ ಕಳಿಸಿದವರಲ್ಲ. ಇವರಿಗೆ ಏನ್ ಕಮ್ಮಿ ಆಗೈತಿ? ಏನೂ ಇಲ್ಲ! ರಾಜ ಇದ್ದಂಗ ಇದ್ದಾರ!"

ನಾನು ಗೋಡೆಗೆ ಒರಗಿಕೊಂಡೆ. ಆಮೇಲೆ ಹಿಡಿದು ಕೇಳಿದಾಗ ಅವನು ಹೇಳಿದ್ದು ಇಷ್ಟೇ. "ಮಾರಾಯ, ಹೊರಗಿನವರ ಮುಂದೆ ನಿನ್ನನ್ನ ಎದುರಿಗೆ ನಿಲ್ಲಿಸ್ಕಂಡು, ಇವನಿಗೆ ಗತಿ ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲ."

ಮೇಡಂ ಏನೋ ಬರೆದುಕೊಂಡರು. ಗೋಡೆಯ ಮೇಲಿನ ಫ್ರೇಮಿನ ಹತ್ತಿರ ಹೋದರು. ಅದನ್ನು ತೆಗೆದಿಡಬೇಕೆಂದು ಮೂರು ದಿನದಿಂದ ಅಂದುಕೊಂಡಿದ್ದೆ! ಆವತ್ತಿನ ಕನಕಾಂಬರ ಅದರ ಮೇಲೆ ನಗುತ್ತಿತ್ತು. ಅವರು ಹೂವು ಸರಿಸಿ ಓದಿದರು.

"ಕಟ್ಟಬೇಕಾದ ತೆರಿಗೆ ಸೊನ್ನೆ. ಸೊನ್ನೆಗೆ ಫ್ರೇಮ್ ಹಾಕಿಸಿದವರನ್ನ ಇವತ್ತೇ ನೋಡಿದ್ದು."

ಗಿರಿಜಾ ಸಿಂಹಾಸನದಿಂದಲೇ, "ನಾನು ದಿನಾ ನೋಡ್ತೀನಿ ಮೇಡಂ" ಎಂದಳು.

ಮೇಡಂಗೆ ನಗು ಬಂತು. ಕೂರಲೆಂದು ಕುರ್ಚಿ ಎಳೆದಾಗ ಗವಸು ಜಾರಿತು. ಬೆನ್ನಿನ ಮೇಲೆ ಕೆಂಪು ಅಕ್ಷರ: 'ಶೇಖರಪ್ಪ ಶಾಮಿಯಾನ'. ಚಹಾ ಕುಡಿದು ಲೋಟ ಎತ್ತಿ ನೋಡಿದರು. ತಳದಲ್ಲಿ 'ಶೇಖರಪ್ಪ'. ಬಾಳೆಹಣ್ಣು ಎತ್ತಿಟ್ಟು ತಟ್ಟೆ ತಿರುಗಿಸಿದರು. 'ಶೇಖರಪ್ಪ'. ಹಂಡೆಗೆ 'ಶೇಖರಪ್ಪ', ಕಾರ್ಪೆಟ್ಟಿನ ಅಂಚಿಗೆ 'ಶೇಖರಪ್ಪ', ಗಿರಿಜಾ ಕೂತ ಸಿಂಹಾಸನದ ಹಿಂದೆ ಸಿಂಹದ ಬಾಲದ ಪಕ್ಕದಲ್ಲಿ 'ಶೇಖರಪ್ಪ'. ಮದುವೆ ಮನೆಗಳಲ್ಲಿ ಸಾಮಾನು ಅದಲುಬದಲಾಗಬಾರದೆಂದು ಒಂದೊಂದಕ್ಕೂ ಹೆಸರು ಹಾಕಿದವನು ಸ್ವತಃ ನಾನೇ. ಒಂದು ಚಮಚವನ್ನೂ ಬಿಟ್ಟಿರಲಿಲ್ಲ.

ಅವರು ಮೆಲ್ಲಗೆ ಕೇಳಿದರು. "ಇಷ್ಟರಲ್ಲಿ ನಿಮ್ಮದು ಯಾವುದು?"

ನಾನು ಸುತ್ತಲೂ ನೋಡಿದೆ. ಮನೆಯೊಳಗೆ, ಬೀದಿಯಲ್ಲಿ, ಬಸಣ್ಣನ ಕಣದಲ್ಲಿ ಎಲ್ಲ ಸೇರಿ ಇನ್ನೂರು ಕುರ್ಚಿ. ಒಂದೂ ನನ್ನದಲ್ಲ. ಇಷ್ಟು ವರ್ಷ ಊರಿಗೆಲ್ಲ ಕುರ್ಚಿ ಹಾಕಿದವನಿಗೆ, ನಮ್ಮ ಮನೆಗೇ ಒಂದು ಕುರ್ಚಿ ಇಲ್ಲ ಎಂದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹೇಳಲು ಬಹಳ ಸಂಕಟವಾಯಿತು, ಮುಚ್ಚಿಡುವುದೇನು.

"ಒಂದು ಮಣೆ ಐತಿ ಮೇಡಂ" ಎಂದೆ. "ಎಲ್ಲಿಟ್ಟೀನೋ, ಕುರ್ಚಿ ಸಂದೀಲಿ ಕಾಣ್ತಿಲ್ಲ."

ಹುಡುಕಿ ತಂದು ತೋರಿಸಿದೆ. ಅವರು ಅದನ್ನೂ ತಿರುಗಿಸಿ ನೋಡಿದರು. ಅದಕ್ಕೆ ಹೆಸರಿರಲಿಲ್ಲ. ಮಹಜರಿನಲ್ಲಿ ಬರೆದುಕೊಂಡರು. ಹೊರಡುವಾಗ ಗಿರಿಜಾಳ ಹತ್ತಿರ ಹೋಗಿ, "ಡಾಕ್ಟ್ರು ಹೇಳಿದ ಮಾತ್ರೆ ಬಿಡಬೇಡಿ. ಕಾರ್ಡ್ ಆಗುತ್ತೆ, ನಾನು ತಡ ಮಾಡಲ್ಲ" ಎಂದರು. ಅವಳ ಕಣ್ಣು ತುಂಬಿತು. ನನ್ನ ಕಣ್ಣೂ. ಬಸಣ್ಣನದ್ದಂತೂ ಕೇಳಲೇಬೇಡಿ.

ಅವರು ಮಾತು ಉಳಿಸಿಕೊಂಡರು. ಕೆಲವು ವಾರಗಳ ನಂತರ ಸೇವಾ ಕೇಂದ್ರದ ಹುಡುಗಿ ನಂಬರು ಒತ್ತಿ, "ಅಂಕಲ್, ಬಿಪಿಎಲ್ ಬಂತು!" ಎಂದಳು. ಆರೋಗ್ಯ ಕಾರ್ಡೂ ಅಲ್ಲೇ ಕೈಗೆ ಬಂತು. ನಾನು ಬೀದಿಯಲ್ಲಿ ಓಡುತ್ತಾ ಕೂಗಿದೆ.

"ಬಸಣ್ಣಾ, ನಾನು ಬಡವ ಆದೆ!"

"ಭೇಷ್!" ಎಂದು ಅವನು ಕೈಕುಲುಕಿದ. "ಪೇಢೆ ಎಲ್ಲಿ?"

ಶಿವಮೊಗ್ಗದಲ್ಲಿ ಆಪರೇಷನ್ ಸುಸೂತ್ರವಾಗಿ ಆಯಿತು. ಮೂರನೆಯ ದಿನ ಗಿರಿಜಾ ದಿಂಬಿಗೆ ಒರಗಿ ಗಂಜಿ ಕುಡಿದಳು, ಮುಖದಲ್ಲಿ ಬಣ್ಣ ಬಂದಿತ್ತು. ನಾನು ಖುಷಿಯಿಂದ ಮಹಜರಿನ ಪ್ರತಿ ತೆಗೆದು ಓದಿ ಹೇಳಿದೆ. "ಸ್ವಂತ ಪೀಠೋಪಕರಣ: ಮರದ ಮಣೆ, ಒಂದು." ಓದಿದವನಿಗೆ ಸುಮ್ಮನಿರಲಾಗಲಿಲ್ಲ, ಸ್ವಲ್ಪ ಪ್ರೀತಿ ಉಕ್ಕಿತು.

"ಅಲ್ವೇ, ನಿನ್ನ ಸ್ವಂತ ಆಸ್ತಿ ಅಂತ ನಾನೊಬ್ಬ ಇದ್ದೆನಲ್ಲ. ನನ್ನನ್ನ ಯಾಕೆ ಬರೆಸಲಿಲ್ಲ?"

"ಬರೆಸಾಣ ಅಂತಾನೇ ಇದ್ದೆ ಮಾರಾಯ್ರೆ" ಎಂದಳು ಗಿರಿಜಾ. "ಬೆಲೆ ಬಾಳೋದಿದ್ರೆ ಮಾತ್ರ ಹೇಳಿ ಅಂದ್ರು ಮೇಡಂ. ಸುಮ್ನಾದೆ."

ಹೇಳಿ ಅವಳೇ ನಕ್ಕಳು. ನಗುವಾಗ ಹೊಲಿಗೆ ನೋಯಿತು, ಹೊಟ್ಟೆ ಹಿಡಿದುಕೊಂಡು ಮತ್ತೂ ನಕ್ಕಳು. ನರ್ಸಮ್ಮ ಓಡಿ ಬಂದು, ಪೇಷೆಂಟನ್ನು ನಗಿಸಿದ್ದಕ್ಕೆ ನನ್ನನ್ನು ವಾರ್ಡಿನಿಂದ ಹೊರಗೆ ಹಾಕಿದರು. ಹೊರಗಿದ್ದ ಕುರ್ಚಿಗಳಲ್ಲೆಲ್ಲ ಜನ ಕೂತಿದ್ದರು. ಒಳಗಿಂದ ಅವಳ ನಗು ಇನ್ನೂ ಕೇಳುತ್ತಿತ್ತು. ಇನ್ನೂರು ಕುರ್ಚಿಯ ಸಾಹುಕಾರನಾದ ನಾನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಆರಾಮಾಗಿ ಕೂತೆ.