ಪ್ರಯಾಣಕ್ಕೆ ಯೋಗ್ಯವಾದ ಕಲ್ಲುಗಳು

೨೦೧೮ರ ಆಗಸ್ಟ್ ಮೂರು, ಶುಕ್ರವಾರ. ಪೆನಾಂಗಿನಲ್ಲಿ ಬೆಳಗಿನಿಂದ ಮೋಡ, ಗಾಳಿ ಇಲ್ಲ. ಸೆಲಾತ್ ಏರ್ ವಿಮಾನ ಸಂಸ್ಥೆಯ ನಿಯಮದಂತೆ, ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನ ತುಂಬದವರು ‘ಪ್ರಯಾಣಕ್ಕೆ ಯೋಗ್ಯ’ ಎಂಬ ವೈದ್ಯರ ಪತ್ರವಿಲ್ಲದೆ ವಿಮಾನ ಹತ್ತುವಂತಿಲ್ಲ.

ಜಬಂಗುನ್ ಸಿಲಾಬಾನರ ಪಿತ್ತಕೋಶ ತೆಗೆದು ನಾಲ್ಕು ದಿನವಾಗಿತ್ತು. ಹೊಟ್ಟೆನೋವು ಜೋರಾದರೆ ಆಚೆ ದಡದ ಮೇದಾನ್ ನಗರದ ಜನ ಜಲಸಂಧಿ ದಾಟಿ ಪೆನಾಂಗಿನ ಆಸ್ಪತ್ರೆಗೆ ಬರುವುದು ವಾಡಿಕೆ. ಅವರೂ ಹಾಗೇ ಬಂದಿದ್ದರು. ಮರುದಿನ ಬೆಳಿಗ್ಗೆ ಮೇದಾನಿನಲ್ಲಿ ಮಗಳು ಲಮ್ರಿಯಾಳ ಮದುವೆ. ಅಪ್ಪನನ್ನು ಬಿಟ್ಟು ಮದುವೆ ನಡೆಸುವ ಪದ್ಧತಿ ಅವರ ಬತಕ್ ಜನಾಂಗದಲ್ಲಿಲ್ಲ.

ಸಿಲಾಬಾನರು ಕೊಟ್ಟ ಪತ್ರವನ್ನು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ನೂರಾಯಿನ್ ಎರಡು ಸಲ ಓದಿ, ಅಲ್ಲಿನ ವಾಡಿಕೆಯಂತೆ ಅವರನ್ನು ‘ಚಿಕ್ಕಪ್ಪ’ ಎಂದು ಕರೆದಳು.

“ಪಾಕ್ ಚಿಕ್, ಇದು ನಿಮ್ಮದಲ್ಲ. ಕಲ್ಲುಗಳದ್ದು.”

ನಿಜ. ಚಿಕಿತ್ಸೆಗೆ ಹಣ ಕೂಡಿಸಿದ ಬಂಧುಗಳಿಗೆ ತೋರಿಸಲೆಂದು ಪಿತ್ತಕೋಶದ ಕಲ್ಲುಗಳನ್ನು ಗಾಜಿನ ಜಾಡಿಯಲ್ಲಿ ಒಯ್ಯುತ್ತಿದ್ದರು. ತಪಾಸಣೆಯಲ್ಲಿ ತೊಂದರೆಯಾಗದಿರಲೆಂದು ಆಸ್ಪತ್ರೆ ಬರೆದುಕೊಟ್ಟಿತ್ತು: ‘ಕಲ್ಲುಗಳು, ನಲವತ್ತೊಂದು. ಸ್ವಚ್ಛ. ಸೋಂಕಿಲ್ಲ. ವಿಮಾನ ಪ್ರಯಾಣಕ್ಕೆ ಯೋಗ್ಯ.’ ಸಿಲಾಬಾನರ ಪತ್ರಕ್ಕೆ ಮಾತ್ರ ಸಹಿಯಾಗಿರಲಿಲ್ಲ. ವೈದ್ಯರು ಸೋಮವಾರದವರೆಗೆ ರಜೆಯಲ್ಲಿದ್ದರು.

ಮೇಲ್ವಿಚಾರಕ ಬದ್ರುಲ್ ಬಂದು ನಿಯಮಪುಸ್ತಕ ತೆರೆದ.

“ಕಲ್ಲು ಹೋಗಬಹುದು. ಅಡ್ಡಿಯೇನಿಲ್ಲ.”

“ಅವಷ್ಟೇ ಹೋಗಿ ಏನ್ಮಾಡ್ತಾವಪ್ಪಾ? ಮಗಳ ಕೈ ಹಿಡ್ಕೊಂಡು ಚರ್ಚಿಗೆ ಕರ್ಕೊಂಡು ಹೋಗ್ತಾವಾ?”

“ಅದು ನಮ್ಮ ವಿಭಾಗಕ್ಕೆ ಬರಲ್ಲ, ಪಾಕ್ ಚಿಕ್.”

ಸಿಲಾಬಾನರು ಭೂಮಾಪನ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ನಿಯಮ ಮುರಿಯಿರಿ ಎಂದರೆ ಅಧಿಕಾರಿಗೆ ಅವಮಾನ. ಇನ್ನೊಂದು ನಿಯಮ ಹುಡುಕಿ ಎಂದರೆ ಗೌರವ. ಹಾಗೇ ಕೇಳಿಕೊಂಡರು. ಬದ್ರುಲನ ಮುಖ ಅರಳಿತು. ಇಪ್ಪತ್ತು ನಿಮಿಷ ಪುಟ ತಿರುವಿ ತಲೆಯೆತ್ತಿದ.

“ಈ ಕಲ್ಲುಗಳು ಎಷ್ಟು ವರ್ಷ ನಿಮ್ಮೊಳಗಿದ್ವು?”

“ಹನ್ನೆರಡು ವರ್ಷ ಆಗಿರಬಹುದು ಅಂದ್ರು ಡಾಕ್ಟ್ರು.”

“ಹಾಗಾದ್ರೆ ನೀವು ಅವುಗಳ ಪೆಟ್ಟಿಗೆ. ಯೋಗ್ಯತಾಪತ್ರ ಇರೋ ಪ್ರಯಾಣಿಕರು ತಮ್ಮ ಪೆಟ್ಟಿಗೆ ತಗೊಂಡು ಹೋಗಬಹುದು. ನಿಯಮ ಇಪ್ಪತ್ತೇಳು. ಖಾಲಿ ಪೆಟ್ಟಿಗೆಗೆ ಡಾಕ್ಟರ ಸಹಿ ಬೇಕು ಅಂತ ಎಲ್ಲೂ ಬರೆದಿಲ್ಲ.”

ಟಿಕೆಟ್ಟು ಕಲ್ಲುಗಳ ಹೆಸರಿಗೆ ಬದಲಾಯಿತು. ನೂರಾಯಿನ್ ಸಿಲಾಬಾನರ ಮಣಿಕಟ್ಟಿಗೆ ‘ಒಡೆಯುವ ವಸ್ತು’ ಎಂಬ ಚೀಟಿ ಕಟ್ಟಿದಳು. ಅವರು ಕನ್ನಡಕ ಹಾಕಿಕೊಂಡು ಅದರ ಸಂಖ್ಯೆಯನ್ನು ರಸೀದಿಯ ಸಂಖ್ಯೆಯ ಜೊತೆ ತಾಳೆ ನೋಡಿ ತೃಪ್ತರಾದರು.

ವಿಮಾನದಲ್ಲಿ ಘೋಷಣೆಯಾಯಿತು: “ನಮ್ಮೊಂದಿಗೆ ಪಯಣಿಸುತ್ತಿರುವ ನಲವತ್ತೊಂದು ಕಲ್ಲುಗಳಿಗೆ ಆದರದ ಸ್ವಾಗತ. ಅವುಗಳ ಪೆಟ್ಟಿಗೆಯನ್ನು ಯಾರೂ ತುಳಿಯಬಾರದೆಂದು ವಿನಂತಿ.” ಕಿಟಕಿ ಪಕ್ಕ ಜಾಡಿ, ಅದರ ಪಕ್ಕ ಸಿಲಾಬಾನರು. ಅನ್ನದ ಪೊಟ್ಟಣ ಜಾಡಿಯ ಮುಂದೆ ಬಂತು.

“ಒಂದು ಲೋಟ ನೀರು ಕೊಡಮ್ಮ,” ಎಂದರು ಸಿಲಾಬಾನರು.

“ಸಾಮಾನಿಗೆ ಕೊಡೋ ಹಾಗಿಲ್ಲ, ಪಾಕ್ ಚಿಕ್. ಅವರ ಪಾಲಿಂದು ಬೇಕಾದ್ರೆ ಅವರನ್ನೇ ಕೇಳಿ,” ಎಂದಳು ಗಗನಸಖಿ.

ಸಿಲಾಬಾನರು ವಿನಯದಿಂದ ಕೇಳಿದರು. ಕಲ್ಲುಗಳು ಬೇಡವೆನ್ನಲಿಲ್ಲ.

ಮೇದಾನಿನಲ್ಲಿ ಸಾಮಾನು ಬಿಡಿಸಿಕೊಳ್ಳಲು ಹೆಂಡತಿ ರೊಸ್ಮೈದಾ ಬಂದಿದ್ದಳು, ಜೊತೆಗೆ ಅವಳ ಅಣ್ಣ ತಿಗೋರ್.

“ಈ ಸಾಮಾನು ನಿಮ್ದೇನಾ?” ಗುಮಾಸ್ತ ಕೇಳಿದ.

ರೊಸ್ಮೈದಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇಪ್ಪತ್ತೆಂಟು ವರ್ಷದಿಂದ ನಮ್ಮನೇಲೇ ಬಿದ್ದಿದೆ.”

“ಒಳಗಿಂದೇನಾದ್ರೂ ಕಳುವಾಗಿದ್ರೆ ಈಗ್ಲೇ ಹೇಳಿ.”

“ಪಿತ್ತಕೋಶ ಇಲ್ಲ. ಅದು ಗೊತ್ತಿರೋದೇ,” ಎಂದು ತಿಗೋರ್ ಸಹಿ ಹಾಕಿದ.

ಮದುವೆ ಸಾಂಗವಾಗಿ ನಡೆಯಿತು. ಚೀಟಿಯನ್ನು ಸಂಸ್ಥೆಯ ಸಿಬ್ಬಂದಿಯೇ ಬಿಚ್ಚಬೇಕಾದ್ದರಿಂದ ಸಿಲಾಬಾನರು ಚೀಟಿ ಕಟ್ಟಿದ ಕೈಯಲ್ಲೇ ಮಗಳನ್ನು ಚರ್ಚಿನೊಳಗೆ ಕರೆದೊಯ್ದರು. ಜಾಡಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಬಂಧುಗಳು ಒಬ್ಬೊಬ್ಬರಾಗಿ ಬಂದು ಎಣಿಸಿ, ಲೆಕ್ಕ ಸರಿಯಿದೆ ಎಂದು ತಲೆದೂಗಿದರು.

ಊಟದ ಹೊತ್ತಿಗೆ ರೊಸ್ಮೈದಾ ಪಕ್ಕಕ್ಕೆ ಬಂದು ಕೂತಳು. “ಲಮ್ರಿಯಾ ಅಪ್ಪ, ಟಿಕೆಟ್ಟು ಕಲ್ಲಿನ ಪಾಲಾಯ್ತಲ್ಲ, ನಿಮ್ಗೆ ಎಷ್ಟು ತಗೊಂಡ್ರು?”

“ತೂಕದ ಮೇಲೆ. ಎಂಬತ್ತೆಂಟು ಕಿಲೋ ಬಂತು. ಇಪ್ಪತ್ತು ಬಿಟ್ಟಿ. ಉಳಿದಿದ್ದಕ್ಕೆ ಆರುನೂರ ಎಂಬತ್ತು ರಿಂಗಿಟ್.”

ಅವಳು ಎದೆ ಮೇಲೆ ಕೈಯಿಟ್ಟುಕೊಂಡಳು.

“ಪಿತ್ತಕೋಶ ಇದ್ದಿದ್ರೆ ಇನ್ನೂ ಜಾಸ್ತಿ ಆಗ್ತಿತ್ತು ಕಣೇ,” ಎಂದರು ಸಿಲಾಬಾನರು.