ಅಳುವ ನಾಯಿಯ ಯಜಮಾನ

ಮನುಷ್ಯನ ಮಾನ ಕಳೆಯಲು ಶತ್ರುಗಳೇ ಬೇಕೆಂದಿಲ್ಲ, ಒಂದು ಸಣ್ಣ ಬಿಳಿ ನಾಯಿ ಸಾಕು ಎಂಬುದು ನನ್ನ ಸ್ವಂತ ಅನುಭವ. ಶತ್ರುವಾದರೆ ಎದುರಿಗೆ ನಿಂತು ಜಗಳವಾಡಬಹುದು, ಅವನು ಹೇಳಿದ್ದೆಲ್ಲ ಸುಳ್ಳೆಂದು ನಾಲ್ಕು ಜನರ ಮುಂದೆ ಸಾಧಿಸಬಹುದು. ನಾಯಿಯ ಜೊತೆ ಏನು ವಾದ ಮಾಡುತ್ತೀರಿ? ಅದು ಬಾಯಿಬಿಟ್ಟು ಯಾರಿಗೂ ಏನೂ ಹೇಳುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಒದ್ದೆ ಕಣ್ಣುಗಳಿಂದ ನೋಡುತ್ತದೆ, ಅಷ್ಟೆ. ಉಳಿದದ್ದನ್ನು ಓಣಿಯವರು ತಾವೇ ತಿಳಿದುಕೊಳ್ಳುತ್ತಾರೆ. ಹೀಗೆ ತಿಳಿದುಕೊಂಡೇ ಇಳಕಲ್ಲಿನ ನಮ್ಮ ಓಣಿಯವರು, ಮದುವೆಯಾಗಿ ಇನ್ನೂ ವರ್ಷ ತುಂಬದ ನನ್ನನ್ನು, ಹೆಂಡತಿಯನ್ನು ಗೋಳು ಹೊಯ್ದುಕೊಳ್ಳುವ ಗಂಡ ಎಂದು ತೀರ್ಮಾನಿಸಿಬಿಟ್ಟಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಇಳಕಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಹೆಂಡತಿ ಗಿರಿಜಾ ಬಾದಾಮಿಯ ಹತ್ತಿರದ ಚೊಳಚಗುಡ್ಡದವಳು. ಮಿಲಿಟರಿಯಲ್ಲಿದ್ದ ಅವಳ ಅಣ್ಣ, ತಂಗಿಗೆ ಹೊಸ ಊರಿನಲ್ಲಿ ಬೇಸರವಾಗಬಾರದೆಂದು, ಪುಣೆಯಿಂದ ಒಂದು ಪಾಮೇರಿಯನ್ ಮರಿ ತಂದುಕೊಟ್ಟ. ಹತ್ತಿ ಅರಳೆಯ ಉಂಡೆಯಂತೆ ಇದ್ದುದರಿಂದ ಗಿರಿಜಾ ಅದನ್ನು 'ಅರಳಿ' ಎಂದು ಕರೆದಳು. ಅಂಥ ನಾಯಿಯನ್ನು ನಮ್ಮ ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ. ಮೊದಲ ವಾರವೆಲ್ಲ ಮಗ್ಗಗಳ ಸದ್ದು ನಿಂತು ನಿಂತು ಕೇಳಿಸುತ್ತಿತ್ತು. ನೇಯುವವರು ನಡುನಡುವೆ ಎದ್ದು ಬಂದು ನಾಯಿ ನೋಡಿ ಹೋಗುತ್ತಿದ್ದರು. ಹೆಂಡತಿಯ ಅಣ್ಣ ಮಿಲಿಟರಿಯಲ್ಲಿದ್ದರೆ ಎಂಥ ವೈಭವ ಎಂದು ನಾನೂ ಎದೆ ಸೆಟೆಸಿಕೊಂಡು ಓಡಾಡಿದೆ.

ಎರಡನೆಯ ತಿಂಗಳಿಗೆ ಅರಳಿಯ ಕಣ್ಣಿಂದ ನೀರು ಸುರಿಯತೊಡಗಿತು. ಮೂಗಿನ ಎರಡೂ ಬದಿಗೆ, ಸುಣ್ಣದ ಗೋಡೆಯ ಮೇಲೆ ಮಳೆನೀರು ಇಳಿದ ಹಾಗೆ, ಕಂದುಗೆಂಪು ಗೆರೆಗಳು ಮೂಡಿದವು. ಕಪ್ಪು ನಾಯಿಯಾಗಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಬಿಳಿಯ ಮುಖ, ನಟ್ಟನಡುವೆ ಕಣ್ಣೀರಿನ ಗುರುತು. ಮೊದಲು ಕಂಡವಳು ಪಕ್ಕದ ಮನೆಯ ಗಂಗವ್ವ.

"ಅಯ್ಯ ಮಾಸ್ತರ, ನಾಯಿ ಯಾಕ ಅಳತೈತ್ರಿ?"

"ಅಳೂದಲ್ಲ ಗಂಗವ್ವ, ಕಣ್ಣಾಗ ನೀರ ಬರತೈತಿ," ಎಂದೆ.

"ಕಣ್ಣಾಗ ನೀರ ಬಂದರ ಅದಕ್ಕ ಅಳೂದು ಅಂತಾರ್ರಿ. ಮೂಕ ಪ್ರಾಣಿ ನೋಡ್ರಿ, ಮನಿ ಹೆಣ್ಣಮಕ್ಕಳ ಸಂಕಟ ಅವಕ್ಕ ಲಗೂ ತಿಳೀತೈತಿ." ಹೀಗೆಂದು ಗಂಗವ್ವ ನಮ್ಮ ಅಡುಗೆಮನೆಯ ಕಡೆ ಒಂದು ನೋಟ ಬೀರಿ, ನಿಟ್ಟುಸಿರು ಬಿಟ್ಟು ಹೋದಳು. ಅಡುಗೆಮನೆಯಲ್ಲಿ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ರೇಡಿಯೋದ ಜೊತೆ ದನಿಗೂಡಿಸಿ ಹಾಡುತ್ತಿದ್ದಳು. ಆದರೆ ಹಾಡು ಯಾರಿಗೆ ಬೇಕು?

ಅಲ್ಲಿಂದ ನನ್ನ ಚಿಕಿತ್ಸೆಗಳು ಆರಂಭವಾದವು. ಹರಳೆಣ್ಣೆ ಹಚ್ಚಿದೆ, ಓಣಿಯ ಧೂಳೆಲ್ಲ ಅದಕ್ಕೆ ಹತ್ತಿ ಕಂದು ಗೆರೆ ಕರಿ ಗೆರೆಯಾಯಿತು. ನಮ್ಮ ಹೆಡ್‌ಮಾಸ್ತರರು ಹೇಳಿದರೆಂದು ಬೋರಿಕ್ ಪೌಡರಿನ ನೀರಿನಲ್ಲಿ ತೊಳೆದೆ; ತೊಳೆದ ಗಳಿಗೆ ಬೆಳ್ಳಗಾಗಿ ಸಂಜೆಗೆ ಮತ್ತೆ ಮೊದಲಿನಂತೆ. ಕೊನೆಗೆ ಬಟ್ಟೆಯ ಸಾಬೂನನ್ನೇ ಹಿಡಿದು ಬಚ್ಚಲಿಗೆ ಕರೆದೊಯ್ದೆ. ಅದು ಮಾತ್ರ ಮಾಡಬಾರದಿತ್ತು. ಅರಳಿ ಕಿರುಚಾಡಿತು, ನಾನು ಅದಕ್ಕಿಂತ ಜೋರಾಗಿ ಕೂಗಾಡಿದೆ: "ಬಾಯಿ ಮುಚ್ಚು! ಮುಖ ಎತ್ತು ಮ್ಯಾಲ! ಇನ್ನೊಮ್ಮೆ ಅತ್ತರ ನೋಡು ಮತ್ತ!" ನಮ್ಮ ಬಚ್ಚಲಿಗೂ ಗಂಗವ್ವನ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಯಾರಿಗೆ ಹೇಳುತ್ತಿದ್ದೇನೆಂಬುದು ಗೋಡೆಯ ಆಚೆ ಕಾಣುವುದಿಲ್ಲವಲ್ಲ! ಮರುದಿನ ನಾನು ಶಾಲೆಗೆ ಹೊರಟಾಗ ನೀರು ತರುತ್ತಿದ್ದ ಹೆಂಗಸರು ದಾರಿ ಬಿಟ್ಟು ಗೋಡೆಗೆ ಸರಿದು ನಿಂತರು.

ಸಂಗತಿ ಕೈಮೀರುತ್ತಿದೆಯೆಂದು ಅರಳಿಯನ್ನು ಕೈಚೀಲದಲ್ಲಿ ಕೂಡಿಸಿಕೊಂಡು ಹುನಗುಂದದ ದನದ ದವಾಖಾನೆಗೆ ಹೋದೆ. ಹೊರಗೆ ಎತ್ತು, ಎಮ್ಮೆಗಳ ಸಾಲು. ನಾನೂ ಒಂದು ಎಮ್ಮೆಯ ಹಿಂದೆ ನಿಂತೆ. ಡಾಕ್ಟರರು ಚೀಲದೊಳಗೆ ಇಣುಕಿ, ಟಾರ್ಚು ಹಾಕಿ ಕಣ್ಣು ನೋಡಿ ಹೇಳಿದರು: "ರೋಗ ಏನಿಲ್ರಿ ಮಾಸ್ತರ. ಕಣ್ಣೀರ ಮೂಗಿನಾಗ ಇಳಿಯಾಕ ಒಂದ ಸಣ್ಣ ಕಾಲುವಿ ಇರತೈತಿ. ಈ ಜಾತಿ ನಾಯಿಗೆ ಅದು ಭಾಳ ಸಣ್ಣದು. ಒಳಗ ಹೋಗೂ ನೀರು ಹೊರಗ ಬರತೈತಿ. ದಿನಾ ಒರಸರಿ, ಅಷ್ಟ." ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಿಜ್ಞಾನ ನನ್ನ ಪಕ್ಷಕ್ಕಿತ್ತು! ಊರಿಗೆ ಬಂದವನೇ ಗಂಗವ್ವನನ್ನು ಕೂಡಿಸಿ, ಕಾಗದದ ಮೇಲೆ ನಾಯಿಯ ಮೂಗು ಬರೆದು, ಕಾಲುವೆ ತೋರಿಸಿ, ಪಾಠ ಮಾಡಿದೆ. ಆಕೆ ಎಲ್ಲವನ್ನೂ ಶಾಂತವಾಗಿ ಕೇಳಿ, "ಇಷ್ಟ ದೊಡ್ಡ ಕತಿ ಕಟ್ಟಬೇಕಾತು ನೋಡ್ರಿ, ಪಾಪ," ಎಂದಳು.

ಓಣಿಯ ಮಾತನ್ನು ಹೇಗೋ ಸಹಿಸಬಹುದಿತ್ತು. ಆದರೆ ಶ್ರಾವಣ ಬಂತು, ಪಂಚಮಿ ಹತ್ತಿರವಾಯಿತು. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆ ತಪ್ಪದ ಪದ್ಧತಿ. ಗಿರಿಜಾಳ ಅಣ್ಣನಿಗೆ ರಜೆ ಸಿಗಲಿಲ್ಲ, ಬದಲಿಗೆ ಅತ್ತೆಯವರೇ ಬರುತ್ತಾರೆಂದು ಸುದ್ದಿ ಬಂತು. ನನ್ನ ಅತ್ತೆ ಬಹಳ ಆಚಾರವಂತ ಹೆಂಗಸು. ಇಷ್ಟಲಿಂಗದ ಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ. ಹಣೆಗೆ ವಿಭೂತಿಯಿಲ್ಲದವರ ಜೊತೆ ಮಾತನಾಡುವಾಗ ಅವರ ಹಣೆಯನ್ನೇ ನೋಡುತ್ತ ಮಾತನಾಡುತ್ತಾರೆ. ನಾನು ಆಗ ಹೊಸ ವಿಚಾರದ ಮನುಷ್ಯ. ಹಣೆ ಬಟ್ಟ ಬಯಲು ಬಿಟ್ಟುಕೊಂಡೇ ತಿರುಗುವವ. ಮದುವೆಯ ದಿನದಿಂದ ಅವರಿಗೆ ನನ್ನ ಮೇಲೆ ಇದ್ದದ್ದು ಅದೊಂದೇ ದೂರು. ಅದರ ಜೊತೆ ಈ ಅಳುವ ನಾಯಿಯೂ ಸೇರಿದರೆ ಗತಿಯೇನು? ಮಗಳನ್ನು ಕಳಿಸಿಯಾರೇ ತಿರುಗಿ?

ಅತ್ತೆ ಬರುವ ದಿನ ಬೆಳಿಗ್ಗೆ ಅರಳಿಯ ಮುಖ ನೋಡಿದೆ. ಗೆರೆಗಳು ಎಂದಿಗಿಂತ ಢಾಳಾಗಿದ್ದವು. ಒರೆಸಿದೆ, ತೊಳೆದೆ, ಏನೂ ಉಪಯೋಗವಿಲ್ಲ. ಬಸ್ಸಿನ ಹೊತ್ತಾಗಿತ್ತು. ಆಗ ದೇವರ ಮಾಡದಲ್ಲಿ ಗಿರಿಜಾಳ ವಿಭೂತಿ ಗಟ್ಟಿ ಕಣ್ಣಿಗೆ ಬಿತ್ತು. ಬಿಳಿಯ ನಾಯಿಗೆ ಬಿಳಿಯ ವಿಭೂತಿ! ಇಷ್ಟು ದಿನ ಹೊಳೆಯದೆ ಹೋಯಿತಲ್ಲ ಎಂದು ನನ್ನ ಬುದ್ಧಿಯನ್ನು ನಾನೇ ಹೊಗಳಿಕೊಳ್ಳುತ್ತ, ಕಣ್ಣಿಗೆ ತಾಗದಂತೆ ಎರಡೂ ಬದಿಗೆ ಚೆನ್ನಾಗಿ ತೀಡಿದೆ. ಗುರುತು ಮಾಯವಾಯಿತು. ಗಿರಿಜಾ ನೋಡಿ, "ಏನರ ಮಾಡಕೋರಿ, ನನ್ನ ಹೆಸರ ಮಾತ್ರ ತರಬ್ಯಾಡ್ರಿ," ಎಂದಳು.

ಅತ್ತೆ ಶೇಂಗಾದ ಉಂಡಿ, ಅಳ್ಳಿನ ಉಂಡಿಗಳ ಡಬ್ಬಿಗಳೊಂದಿಗೆ ಬಂದಿಳಿದರು. ಅವರ ಹಿಂದೆಯೇ, ಬಂದವರನ್ನು ಮಾತನಾಡಿಸುವ ನೆಪದಲ್ಲಿ, ಗಂಗವ್ವನೂ ಒಳಗೆ ಬಂದಳು. ಅರಳಿ ಓಡಿಹೋಗಿ ಅತ್ತೆಯ ಮಡಿಲೇರಿತು. ಅವರು ಮುದ್ದಿನಿಂದ ಅದರ ಮುಖ ಎತ್ತಿ ದಿಟ್ಟಿಸಿದರು.

"ಅಯ್ಯ ಶಿವನ! ನಾಯಿಗೆ ಇಭೂತಿ ಯಾರು ಹಚ್ಚ್ಯಾರ?"

ಗಿರಿಜಾ ನನ್ನ ಕಡೆ ನೋಡಿದಳು. "ಶಿವನ ಮುಂದ ಎಲ್ಲಾ ಜೀವಾನೂ ಒಂದ ಅಲ್ಲೇನ್ರಿ ಅತ್ತಿ?" ಎಂದೆ.

"ಮಾತ ಭಾಳ ಚಲೋ ಆಡಿದ್ರಿ," ಎಂದು ಅವರು ನಿಧಾನವಾಗಿ ನನ್ನ ಹಣೆಯತ್ತ ದೃಷ್ಟಿ ಏರಿಸಿದರು. "ನಾಯಿ ಗಲ್ಲಕ್ಕ ಹಚ್ಚಿದವರಿಗೆ ತಮ್ಮ ಹಣಿ ನೆನಪಾಗಲಿಲ್ಲೇನ್ರಿ ಅಳಿಯಾರ?"

ಅಷ್ಟರಲ್ಲೇ ಅರಳಿಯ ಕಣ್ಣಿಂದ ಒಂದು ಹನಿ ಇಳಿಯಿತು. ವಿಭೂತಿ ನೆನೆದು ಕೆಸರಾಯಿತು. ಅತ್ತೆ ಸೆರಗಿನ ತುದಿಯಿಂದ ಒರೆಸಿದರು. ಕೆಳಗಿನ ಕಂದು ಗೆರೆ ಸ್ಪಷ್ಟವಾಗಿ ಹೊರಬಿತ್ತು. ಇನ್ನೊಂದು ಬದಿ ಒರೆಸಿದರು, ಅಲ್ಲೂ ಅದೇ. "ದಿನಾ ಅಳತೈತ್ರಿ ಎಕ್ಕಾ," ಎಂದಳು ಗಂಗವ್ವ, ತನ್ನನ್ನು ಯಾರೂ ಕೇಳದಿದ್ದರೂ.

"ಯವ್ವಾ, ಅದು ಅಳೂದಲ್ಲ, ಅದರ ಮೂಗಿನಾಗಿನ ಕಾಲುವಿ ಸಣ್ಣದು," ಎಂದು ಗಿರಿಜಾ ನನ್ನ ನೆರವಿಗೆ ಬಂದಳು.

"ಗಂಡ ಕಲಿಸಿದ್ದ ಹೇಳತೀಯಲ್ಲ ನನ್ನವ್ವ! ಏನೂ ಇಲ್ಲದಿದ್ದರ ಮುಚ್ಚೂದು ಯಾಕ ಬೇಕಾಗಿತ್ತು?" ಎಂದು ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ಅವರು ತೀರ್ಪು ಕೊಟ್ಟರು: "ಈ ನಾಯೀನೂ ಕರಕೊಂಡ ಹೊಕ್ಕೇನಿ. ಅಲ್ಲೂ ಅತ್ತರ, ಅದರ ಗುಣಾನ ಅಂಥಾದ್ದು ಅಂತ ತಿಳಕೊಂಡು ಇಬ್ಬರನೂ ಕಳಿಸಿಕೊಡತೇನಿ. ತವರಮನ್ಯಾಗ ಅಳೂದು ನಿಂತರ ಮಾತ್ರ ಅಳಿಯಾರ, ಗಿರಿಜಾನ ಕಳಿಸೂ ಮಾತು ದಸರಾ ಆದಮ್ಯಾಲ, ಹಿರ್‍ಯಾರನ ಕೂಡಿಸಿ ಆಡೂಣು."

ಬಸ್ಸು ಹೋಯಿತು. ನಾನು ಖಾಲಿ ಮನೆಗೆ ಬಂದು ಕುಳಿತೆ. ನನ್ನ ಸ್ಥಿತಿ ನೋಡಿ. ತಿಂಗಳುಗಟ್ಟಲೆ ಯಾವ ಕಣ್ಣೀರು ನಿಲ್ಲಲಿ ಎಂದು ಹಂಬಲಿಸಿದ್ದೆನೋ ಅದು ನಿಲ್ಲದಿರಲಿ ಎಂದು ಈಗ ಬೇಡಿಕೊಳ್ಳಬೇಕಾಗಿತ್ತು. ಎಲ್ಲಿದ್ದರೂ ಅಳುತ್ತಿರು ನನ್ನ ತಾಯಿ, ಎಂದು ದಿನವೂ ಮನಸ್ಸಿನಲ್ಲೇ ಅರಳಿಗೆ ಹೇಳಿದೆ. ಕಾಲುವೆಯ ವಿಷಯದಲ್ಲಿ ಡಾಕ್ಟರರು ಹೇಳಿದ್ದು ಖರೆಯಾಗಿದ್ದರೆ ಚೊಳಚಗುಡ್ಡದಲ್ಲಿ ಅದು ಅಗಲವಾಗಲು ಕಾರಣವೇ ಇಲ್ಲ ಎಂದು ವಿಜ್ಞಾನದ ಮಾಸ್ತರ ಧೈರ್ಯ ಹೇಳುತ್ತಿದ್ದ. ಆದರೆ ಹೆಂಡತಿಯಿಲ್ಲದ ಗಂಡ ಆ ಮಾಸ್ತರನ ಮಾತು ನಂಬುತ್ತಿರಲಿಲ್ಲ. ಸ್ಟೋ ಹಚ್ಚಿದರೆ ಹೊಗೆ, ಅನ್ನ ಇಟ್ಟರೆ ಗಂಜಿ. ಅದಕ್ಕಿಂತ ಹೆಚ್ಚಾಗಿ, ಗಿರಿಜಾಳ ಹಾಡಿಲ್ಲದೆ ಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವಳು ನನಗೆ ಇಷ್ಟು ಬೇಕಾದವಳೆಂದು ಯಾರಾದರೂ ಮೊದಲೇ ಹೇಳಿದ್ದರೆ ನಗುತ್ತಿದ್ದೆ.

ಪಂಚಮಿ ಮುಗಿದ ಮೇಲೆ ಒಂದು ರವಿವಾರ ತಡೆಯಲಾರದೆ ಹೊರಟೇಬಿಟ್ಟೆ. ಚೊಳಚಗುಡ್ಡದಲ್ಲಿ ಇಳಿದು ಮನೆಯ ಹತ್ತಿರ ಬಂದಂತೆ ಕಾಲು ಮುಂದಕ್ಕೆ ಹೋಗಲೊಲ್ಲದು. ಬಾಗಿಲಲ್ಲಿ ಅರಳಿ ಮಲಗಿತ್ತು. ನನ್ನ ಸಪ್ಪಳಕ್ಕೆ ಮುಖ ಎತ್ತಿತು. ಎರಡು ಕಂದು ಗೆರೆ! ಇಳಕಲ್ಲಿನಲ್ಲಿ ಇದ್ದುದಕ್ಕಿಂತ ಗಾಢವಾಗಿ, ನೆಟ್ಟಗೆ, ಸುಂದರವಾಗಿ ಇಳಿದಿದ್ದವು. ಆ ಹೊಲಸು ಮುಖವನ್ನು ಎತ್ತಿಕೊಂಡು ಮುದ್ದಾಡಿದೆ.

ಅತ್ತೆ ಬಹಳ ನೊಂದುಕೊಂಡರು. "ತಪ್ಪ ತಿಳಕೊಂಡಿದ್ನಿ ಅಳಿಯಾರ. ಅದರ ಗುಣಾನ ಅಂಥಾದ್ದು. ಇಲ್ಲೆ ಬಂದರೂ ಮುಂಜಾನೆ ಎದ್ದಕೂಡಲೇ ಅತ್ತ ಮುಖಾನ." ನಾನು ದೊಡ್ಡ ಮನಸ್ಸಿನವನಂತೆ, "ಇರಲಿ ಬಿಡ್ರಿ ಅತ್ತಿ, ತಾಯಿ ಕರುಳು," ಎಂದು ಕ್ಷಮಿಸಿದೆ. ಹೋಳಿಗೆ ಎರಡು ಹೆಚ್ಚಿಗೆ ಬಡಿಸಿದರು, ಬೇಡವೆನ್ನಲಿಲ್ಲ. ಸಂಜೆಯ ಬಸ್ಸಿಗೆ ನಾವಿಬ್ಬರೂ ಅರಳಿಯೊಂದಿಗೆ ಹೊರಟೆವು.

ಬಸ್ಸಿನಲ್ಲಿ ನಾಯಿ ನನ್ನ ತೊಡೆಯ ಮೇಲಿತ್ತು. ಗೆಲುವಿನ ಹುರುಪಿನಲ್ಲಿ ಅದರ ಗಲ್ಲ ಸವರುತ್ತಿದ್ದವನ ಬೆರಳಿಗೆ ಕಂದು ಬಣ್ಣ ಹತ್ತಿತು. ಮೂಸಿ ನೋಡಿದೆ. ಚಹಾದ ವಾಸನೆ.

"ಗಿರಿಜಾ, ಏನಿದು?"

ಅವಳು ಸುತ್ತಲೂ ನೋಡಿ ಮೆಲ್ಲಗೆ ಹೇಳಿದಳು. "ದಿನಾ ನಸುಕಿನಾಗ, ಅವ್ವ ಪೂಜಿಗೆ ಕುಂತಾಗ, ಹತ್ತಿ ಬತ್ತೀಲೆ ಕರಿ ಚಹಾ ಹಚ್ಚತಿದ್ನಿ. ಕಣ್ಣಿಗೆ ತಾಗದಂಗ."

"ಹಂಗಾರ ಅಲ್ಲೆ ಅಳೂದು ಖರೇನ ನಿಂತಿತ್ತೇನು?"

"ಅಲ್ಲೆ ಹೋದ ಒಂದ ವಾರದಾಗ ನಿಂತ್ರಿ. ಮುಖ ಹಾಲಿನಂಗ ಆಗಿತ್ತು."

ನನ್ನ ಹುರುಪೆಲ್ಲ ಇಳಿದುಹೋಯಿತು. "ಮತ್ತ ನಮ್ಮನ್ಯಾಗ ಯಾಕ ಅಳತೈತಿ?"

"ನನಗೇನ ಗೊತ್ರಿ? ಸಾಯನ್ಸ್ ಮಾಸ್ತರ ನೀವು."

ಗಂಗವ್ವ ಗೆದ್ದಿದ್ದಳು, ಅತ್ತೆ ಗೆದ್ದಿದ್ದರು, ನಾನು ಸುಳ್ಳು ಸಾಕ್ಷಿಯ ಮೇಲೆ ಬಿಡುಗಡೆಯಾದ ಅಪರಾಧಿ. ಕೊನೆಗೆ ಕೇಳಿದೆ: "ನಾಯೀನ ಅಲ್ಲೆ ಅಷ್ಟ ಸುಖವಾಗಿ ಇತ್ತಂದ್ರ, ನೀ ಯಾಕ ಇಷ್ಟೆಲ್ಲಾ ಮಾಡಿ ಬಂದಿ?"

"ನಾಯಿಗೇನ್ರಿ, ಎಲ್ಲೆ ಬೇಕಾದಲ್ಲೆ ಇರತೈತಿ," ಎಂದಳು ಕಿಟಕಿಯ ಕಡೆ ಮುಖ ಮಾಡಿ. "ನನಗ ಇರಾಕ ಆಗಲಿಲ್ಲ."

ನನ್ನ ಕಣ್ಣು ಮಂಜಾದವು. ಮುಚ್ಚಿಡಲು ಆಗಲಿಲ್ಲ. "ಈ ಹಾದ್ಯಾಗ ಧೂಳ ಭಾಳ," ಎಂದೆ. ಹೊರಗೆ ಶ್ರಾವಣದ ಮಳೆ ಜಿಟಿಜಿಟಿ ಹಿಡಿದಿತ್ತು. ಗಿರಿಜಾ ನನ್ನ ಮುಖ ನೋಡಿದಳು, ನಕ್ಕಳು, ಸೆರಗಿನ ತುದಿಯನ್ನು ಕಿಟಕಿಯ ಆಚೆ ಹಿಡಿದು ತೋಯಿಸಿಕೊಂಡಳು. ನಾನು ಯಾರಾದರೂ ನೋಡುತ್ತಾರೆಂಬ ನಾಚಿಕೆಯನ್ನೂ ಬಿಟ್ಟು ಮುಖ ಮುಂದೆ ಚಾಚಿ ಕಣ್ಣು ಮುಚ್ಚಿದೆ.

ಏನೂ ತಾಗದಿದ್ದಾಗ ಕಣ್ಣು ತೆರೆದೆ. ಅವಳು ಬಗ್ಗಿ ಅರಳಿಯ ಗಲ್ಲ ತಿಕ್ಕುತ್ತಿದ್ದಳು. "ಪಾಪ, ಮುಂಜಾನಿಂದ ಚಹಾ ಒಣಗಿ ಕಡಿಯಾಕ ಹತ್ತಿರಬೇಕು," ಎಂದಳು. ನಾನು ಚಾಚಿದ್ದ ಮುಖವನ್ನು ಹಿಂದಕ್ಕೆ ಎಳೆದುಕೊಂಡು, ಅಂಗಿಯ ತೋಳಿನಿಂದ ನನ್ನ ಕಣ್ಣು ನಾನೇ ಒರೆಸಿಕೊಂಡೆ.